ಮೀಟರಪ್ಪನ ಕೈಗುಣ

ಕೆಲವರು ಒಣಕಡ್ಡಿ ಚುಚ್ಚಿದರೂ ಅದು ಚಿಗುರುತ್ತದೆ. ಅಂಥವರ ಕೈಗುಣವನ್ನು ಊರೆಲ್ಲ ಹೊಗಳುತ್ತದೆ. ನಮ್ಮ ಮೀಟರಪ್ಪನದು ಇದಕ್ಕೆ ತದ್ವಿರುದ್ಧ. ಚಿಗುರಿದ್ದನ್ನು ಅವನು ಮುಟ್ಟಿದರೆ ಅದು ಕಡ್ಡಿಯಾಗುತ್ತಿತ್ತು. ಗುಲಾಬಿ ತಂದ, ಒಣಗಿತು. ಮಲ್ಲಿಗೆ ತಂದ, ಕೊಳೆಯಿತು. ನೀರೇ ಬೇಡದ ಪಾಪಸುಕಳ್ಳಿ ತಂದು, ಪಾಪ, ಎಷ್ಟು ಬಾಯಾರಿದೆಯೋ ಎಂಬ ಕರುಣೆಯಿಂದ ದಿನಾ ಚೊಂಬುಗಟ್ಟಲೆ ನೀರು ಸುರಿದು ಅದನ್ನೂ ಸಾಗಹಾಕಿದ. ನೀರು ಸರಬರಾಜು ಕಚೇರಿಯಲ್ಲಿ ಸಂಬಳ ತೆಗೆದುಕೊಳ್ಳುವವನು ನೀರಿನ ವಿಷಯದಲ್ಲಿ ಜಿಪುಣತನ ಮಾಡಲಾದೀತೇ?

ಮೀಟರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮನೆಮನೆಗೆ ಹೋಗಿ, ಗೇಟಿನ ಪಕ್ಕದ ಗುಂಡಿಯ ಮುಚ್ಚಳ ಎತ್ತಿ, ಮಂಡಿಯೂರಿ ಬಗ್ಗಿ, ನೀರಿನ ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಳ್ಳುವುದು ಅವನ ಉದ್ಯೋಗ. ಊರಿನಲ್ಲಿ ಅವನು ಕಾಲಿಡದ ಕಾಂಪೌಂಡಿಲ್ಲ, ಅವನನ್ನು ಕಂಡು ಬೊಗಳಿ ಬೊಗಳಿ ಸಾಕಾಗದ ನಾಯಿಯಿಲ್ಲ.

ಮನೆಯಲ್ಲಿ ಅವನ ಹೆಂಡತಿ ಮತ್ತು ಹೆಂಡತಿಯ ತಾಯಿ. ಅತ್ತೆಯವರು ಅಳಿಯನನ್ನು ಎಂದೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಬಹುವಚನದಲ್ಲಿ ಬೈಸಿಕೊಂಡವರಿಗೇ ಗೊತ್ತು ಅದರ ಉರಿ.

“ಅಳಿಯಂದಿರೇ, ಆ ಕುಂಡದ ಹತ್ರ ಹೋಗ್ಬೇಡಿ. ಈಗಷ್ಟೇ ಎರಡೆಲೆ ಬಿಟ್ಟಿದೆ. ಹೆದರ್ಕೊಂಡ್ಬಿಡುತ್ತೆ.”

“ಸುಮ್ನೆ ನೋಡ್ತಿದ್ದೆ ಅತ್ತೆ.”

“ನೋಡೋದೂ ಬೇಡ. ನಿಮ್ಮ ಮಾವನವರು ಹಣ್ಣು ತಿಂದು ಉಗುಳಿದ ಬೀಜ ಮರ ಆಗ್ತಿತ್ತು. ಎಲ್ಲರಿಗೂ ಆ ಕೈಗುಣ ಇರೋಕಾಗುತ್ತಾ?”

ಉಗುಳಿದ್ದು ಬಾಯಿಯಿಂದ, ಕೈಗುಣ ಎಲ್ಲಿಂದ ಬಂತು ಎಂದು ಕೇಳಬೇಕೆಂದು ಮೀಟರಪ್ಪನ ನಾಲಿಗೆ ತುದಿಗೆ ಬರುತ್ತಿತ್ತು. ಕೇಳುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಒಮ್ಮೆ, ಒಂದೇ ಒಂದು ಸಲ, ‘ನಮ್ಮ ಅಳಿಯಂದಿರ ಕೈಗುಣ’ ಎಂಬ ಮಾತು ಬಂದರೆ ಸಾಕು, ತನ್ನ ಜನ್ಮ ಸಾರ್ಥಕ ಎಂದುಕೊಂಡಿದ್ದ ಬಡಪಾಯಿ ಅವನು.

ಹೀಗಿರುವಾಗ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಮಗಳ ಮನೆಗೆ ಹೊರಟರು. ಅವರದು ಬೀದಿಗೇ ಹೆಸರಾದ ಕೈತೋಟ. ಪ್ರತಿ ಕುಂಡಕ್ಕೂ ಸುಣ್ಣದ ಪಟ್ಟಿ, ಪ್ರತಿ ಗಿಡಕ್ಕೂ ಹೆಸರಿನ ಚೀಟಿ. ಹಾಜರಿ ಕರೆಯುತ್ತಾರೋ ಎಂಬಂತೆ ಗಿಡಗಳೂ ಅವರೆದುರು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದವು. ಹೊರಡುವ ಮುನ್ನ ಅವರು ಗೋಡೆಯ ಮೇಲಿಂದ ಮೀಟರಪ್ಪನನ್ನು ಕರೆದರು.

“ಗಿಡಗಳಿಗೆ ನೀರು ಹಾಕೋಕೆ ಎದುರುಮನೆಯವರಿಗೆ ಹೇಳಿದ್ದೀನಿ. ನಿಮ್ಮಿಂದಲೂ ಒಂದು ಉಪಕಾರ ಆಗ್ಬೇಕು.”

“ಹೇಳಿ ಮೇಷ್ಟ್ರೇ, ಏನು ಮಾಡ್ಲಿ?”

“ಏನೂ ಮಾಡ್ಬೇಡಿ. ನಾನು ಬರೋವರೆಗೂ ನಮ್ಮ ಕಾಂಪೌಂಡಿಗೆ ಕಾಲಿಡ್ಬೇಡಿ.”

“ಮೀಟರ್ ಓದ್ಬೇಕಲ್ಲ?”

“ನಾನು ಬಂದ್ಮೇಲೆ ಓದಿ. ಅಥವಾ ಬೀದಿಯಿಂದಲೇ ಅಂದಾಜು ಮಾಡಿ.”

ಒಳಗಿನಿಂದ ಅತ್ತೆಯವರು “ಸರಿಯಾಗಿ ಹೇಳಿದ್ರು ನೋಡಿ ಮೇಷ್ಟ್ರು” ಎಂದದ್ದು ಬೀದಿಯ ತುದಿಯವರೆಗೂ ಕೇಳಿಸಿತು. ಮೀಟರಪ್ಪ ಚಪ್ಪಲಿ ಮೆಟ್ಟಿಕೊಂಡು, ಸ್ಕೂಟರಿಗೆ ಒದೆದು, ನೇರವಾಗಿ ನರ್ಸರಿಗೆ ಹೋದ.

ನರ್ಸರಿಯ ಯಜಮಾನನದು ಬೆಣ್ಣೆಯಂಥ ಮಾತು, ಬಾಯಿ ಮಾತ್ರ ಮುಚ್ಚುತ್ತಲೇ ಇರಲಿಲ್ಲ. ಅವನ ವ್ಯಾಪಾರದ ಗುಟ್ಟು ಗೊಬ್ಬರದಲ್ಲಿರಲಿಲ್ಲ, ನಾಮಕರಣದಲ್ಲಿತ್ತು. ಎಲ್ಲೋ ಬೇಲಿಸಾಲಿನಲ್ಲಿ ಹಬ್ಬಿಕೊಂಡದ್ದನ್ನು ಬಣ್ಣದ ಕುಂಡಕ್ಕೆ ಹಾಕಿ ರಾಜಮನೆತನದ ಒಂದು ಹೆಸರಿಟ್ಟರೆ ಅದು ಅಲಂಕಾರಿಕ ಸಸ್ಯ ಎಂಬುದನ್ನು ಅವನು ಕಂಡುಕೊಂಡಿದ್ದ.

“ಬನ್ನಿ ಸಾರ್, ಬನ್ನಿ. ಹೂವಿನ ಗಿಡವಾ, ಎಲೆ ಗಿಡವಾ, ಬಳ್ಳಿಯಾ?”

“ಸಾಯಬಾರ್ದು. ಅಷ್ಟೇ.”

ಯಜಮಾನ ಅವನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಸಿಮೆಂಟ್ ತೊಟ್ಟಿಗಳ ಬಳಿಗೆ ಕರೆದೊಯ್ದ. ನೀರಿನ ಮೇಲೆ ದುಂಡನೆಯ ಹೊಳೆಯುವ ಎಲೆಗಳ ಗಿಡವೊಂದು ಉಬ್ಬಿದ ತೊಟ್ಟುಗಳ ಮೇಲೆ ಆರಾಮವಾಗಿ ತೇಲುತ್ತಿತ್ತು. ನಡುವೆ ನೀಲಿ ಹೂವಿನ ಗೊಂಚಲು.

“ನೀಲರಾಣಿ ಸಾರ್. ಫಾರಿನ್ನಿಂದು.”

“ಗೊಬ್ಬರ?”

“ಕೊಟ್ರೆ ಅದಕ್ಕೆ ಅವಮಾನ.”

“ನೀರು?”

“ನೀರಲ್ಲೇ ಇದೆಯಲ್ಲ ಸಾರ್.”

ಮೀಟರಪ್ಪ ಸುತ್ತ ನೋಡಿ ದನಿ ತಗ್ಗಿಸಿದ. “ನಾನು ಮುಟ್ಟಿದ್ರೆ?”

“ನೀವು ತುಳಿದ್ರೂ ಬೆಳೆಯುತ್ತೆ. ಸಾಯಿಸ್ಲೇಬೇಕು ಅಂತ ಹಟ ಹಿಡಿದು ಕೂತ್ರೂ ಸಾಯಲ್ಲ. ಗ್ಯಾರಂಟಿ!”

“ಇದು ಬೆಳೆಯೋ ಬೇರೆ ಊರುಗಳಲ್ಲಿ ಜನ ಏನಂತಾರೆ?”

“ಅಳ್ತಾರೆ ಸಾರ್.” ಯಜಮಾನ ಒಂದು ಗಳಿಗೆ ತಡೆದು, “ಸಂತೋಷಕ್ಕೆ” ಎಂದ.

ಬುದ್ಧಿ ನೆಟ್ಟಗಿದ್ದವನಾದರೆ ಅಲ್ಲೇ ಗಿಡ ಕೆಳಗಿಟ್ಟು ಓಡಬೇಕಿತ್ತು. ಸಾಯಿಸಿದರೂ ಸಾಯದ್ದನ್ನು ಯಾರಾದರೂ ಮನೆಗೆ ಕರೆತರುತ್ತಾರೆಯೇ? ಮೀಟರಪ್ಪ ಮಾತ್ರ ಅದನ್ನು ಬಕೆಟ್ಟಿನಲ್ಲಿಟ್ಟು, ಬಕೆಟ್ಟನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು, ಮಗು ಮಲಗಿದೆಯೇನೋ ಎಂಬಷ್ಟು ಮೆಲ್ಲಗೆ ಮನೆಗೆ ತಂದು ಹಿತ್ತಲ ತೊಟ್ಟಿಗೆ ಬಿಟ್ಟ.

ಕೆಲವೇ ದಿನದಲ್ಲಿ ಪಕ್ಕಕ್ಕೊಂದು ಮರಿ ಬಂತು. ಮರಿಗೆ ಮರಿ ಬಂತು. ತೊಟ್ಟಿ ತುಂಬಿತು. ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದ ಅತ್ತೆಯವರು ತೊಟ್ಟಿಯ ಮುಂದೆ ನಿಂತವರು ನಿಂತೇಬಿಟ್ಟರು.

“ಇದ್ಯಾರು ಹಾಕಿದ್ದು?”

“ನಾನು.”

“ನೀವಾ?”

“ನಾನೇ ಅತ್ತೆ.”

“ಯಾರೂ ಜೊತೆಗಿರ್ಲಿಲ್ವಾ?”

“ಇಲ್ಲ. ನಾನೊಬ್ನೇ.”

ಅತ್ತೆಯವರು ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು. “ಬಾರೇ ಇಲ್ಲಿ! ನಿನ್ನ ಗಂಡನ ಕೈಯಲ್ಲಿ ಏನೋ ಒಂದು ಬದುಕಿದೆ!”

ಅವತ್ತು ಮೀಟರಪ್ಪನಿಗೆ ಎಲ್ಲರಿಗಿಂತ ಮೊದಲು ಚಹಾ ಬಂತು. ಅದೂ ಹಿಡಿ ಮುರಿಯದ ಕಪ್ಪಿನಲ್ಲಿ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಸಕ್ಕರೆ ಹಾಕಿಲ್ಲ ಎಂಬುದು ಖಾಲಿಯಾದ ಮೇಲೂ ಗೊತ್ತಾಗಲಿಲ್ಲ.

ಹೆಡ್‌ಮಾಸ್ತರರು ಊರಿಂದ ಬಂದವರೇ ಮೊದಲು ತಮ್ಮ ಗಿಡಗಳ ಹಾಜರಿ ತೆಗೆದುಕೊಂಡರು. ಆಮೇಲೆ ಗೋಡೆಯ ಆಚೆ ಕಣ್ಣು ಹೋಯಿತು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಅದೇನದು ನಿಮ್ಮ ತೊಟ್ಟಿಯಲ್ಲಿ?”

“ಯಾವುದು? ಓ, ಅದಾ? ನೀಲರಾಣಿ.” ಮೀಟರಪ್ಪ ಆಕಾಶ ನೋಡುತ್ತಾ ಹೇಳಿದ.

“ಒಂದು ಸಸಿ ಸಿಗಬಹುದೋ?”

“ಆಂ?”

ಕೇಳಿಸಿತ್ತು. ಎರಡನೇ ಸಲ ಕೇಳಲಿ ಎಂಬ ಆಸೆ. ಹೆಡ್‌ಮಾಸ್ತರರು ಎರಡನೇ ಸಲ ಕೇಳಿದರು. ಮೀಟರಪ್ಪ ಗಂಟಲು ಸರಿಮಾಡಿಕೊಂಡು, ಆ ಕ್ಷಣದಲ್ಲೇ ಹುಟ್ಟಿದ ಒಂದು ಶಾಸ್ತ್ರವನ್ನು ಬೋಧಿಸಿದ. “ಕೊಡೋದೇನೋ ಕೊಡ್ತೀನಿ. ಆದ್ರೆ ದಿನಾ ಬೆಳಿಗ್ಗೆ ಅದರ ಜೊತೆ ಎರಡು ಒಳ್ಳೆ ಮಾತಾಡ್ಬೇಕು. ಕೋಪದಲ್ಲಿ ನೋಡ್ಬಾರ್ದು. ಮತ್ತೆ, ಮೊದಲನೇ ಸಲ ನೀರಿಗೆ ನಾನೇ ಬಿಡ್ಬೇಕು.”

“ಹೌದು ಮೇಷ್ಟ್ರೇ,” ಎಂದರು ಅತ್ತೆಯವರು ಬಟ್ಟೆ ಕೊಡವುತ್ತಾ. “ನೀವು ಹಾಕಿದ್ರೆ ಬರಲ್ಲ. ನಮ್ಮ ಅಳಿಯಂದಿರ ಕೈಗುಣ ಅದು.”

ಬಂತು! ಆ ಮಾತು ಬಂದೇಬಿಟ್ಟಿತು! ಅಂದಿನಿಂದ ಮೀಟರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸ್ಕೂಟರಿನಲ್ಲಿ ಮೀಟರ್ ಪುಸ್ತಕದ ಪಕ್ಕದಲ್ಲಿ ಬಕೆಟ್ಟಿಗೆ ಕಾಯಂ ಜಾಗವಾಯಿತು. ಗೇಟು ತೆರೆಯುವುದು, ಅಂಕಿ ಬರೆಯುವುದು, ಮನೆಯಾಕೆ “ನಮಗೊಂದು ಕೊಡಲ್ವಾ ಮೀಟರಪ್ಪನವರೇ?” ಎನ್ನುವುದು, ಇವನು “ನಿಮಗಿಲ್ಲ ಅಂತೀನಾ ಅಕ್ಕ?” ಎಂದು ಸಂಪಿಗೋ ಡ್ರಮ್ಮಿಗೋ ಒಂದು ಸಸಿ ಬಿಡುವುದು. ಬಿಡುವ ಮುನ್ನ ಕಣ್ಣುಮುಚ್ಚಿ ಒಂದು ಕ್ಷಣ ನಿಲ್ಲುತ್ತಿದ್ದ. ಆ ಕ್ಷಣದಲ್ಲಿ ಏನು ಅಂದುಕೊಳ್ಳುತ್ತಿದ್ದ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಎದುರಿಗೆ ನಿಂತವರೂ ಕಣ್ಣು ಮುಚ್ಚುತ್ತಿದ್ದರು. ನೋಡುತ್ತ ನೋಡುತ್ತ ಎಲ್ಲರ ಮನೆಯಲ್ಲೂ ಗಿಡ ಕೈಮೀರಿ ಬೆಳೆಯಿತು.

ಮೂಲೆಮನೆಯ ನರ್ಸಮ್ಮ ಒಮ್ಮೆ ಅವನನ್ನು ತಡೆದು ಕೇಳಿದಳು. “ಡ್ರಮ್ಮೆಲ್ಲ ಅದೇ ಆಗೋಗಿದೆ. ಮಗ್ಗು ಅದ್ದೋಕೂ ಜಾಗ ಇಲ್ಲ. ಏನ್ಮಾಡ್ಲಿ?”

“ಅಯ್ಯೋ, ಕಿತ್ತು ಬಿಸಾಕ್ಬೇಡಿ, ಪಾಪ ಬರುತ್ತೆ. ಮೋರಿಗೆ ಬಿಡಿ. ಎಲ್ಲಾದ್ರೂ ಹೋಗಿ ಬದುಕ್ಕೊಳ್ಳುತ್ತೆ.”

ಅದು ಬದುಕಿಕೊಂಡಿತು. ಅದರ ಬಗ್ಗೆ ಯಾರೂ ಚಿಂತೆ ಮಾಡಬೇಕಾಗಿರಲಿಲ್ಲ.

ಕೀರ್ತಿ ಕಚೇರಿಯವರೆಗೂ ಹೋಯಿತು. ಊರಿಗೆ ಕುಡಿಯುವ ನೀರು ಬರುವುದು ದೊಡ್ಡ ಕೆರೆಯಿಂದ. ದಡದಲ್ಲೇ ಪಂಪ್‌ಹೌಸು, ಪಂಪ್‌ಹೌಸಿನ ಮೇಲೆ ಎಂಜಿನಿಯರ್ ಸಾಹೇಬರ ಕೋಣೆ. ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಪಂಪು ಸೋರುತ್ತಿತ್ತು, ಪೈಪು ತುಕ್ಕು ಹಿಡಿದಿತ್ತು. ಸಾಹೇಬರು ಬಹಳ ಯೋಚನೆ ಮಾಡಿ, ಮೊದಲು ಕೆರೆಯನ್ನು ಚಂದಗಾಣಿಸಬೇಕೆಂದು ತೀರ್ಮಾನಿಸಿದರು.

“ಮೀಟರಪ್ಪ, ಕೆರೆ ನೋಡಯ್ಯ, ಬೋಳುಬೋಳಾಗಿದೆ. ಬರೀ ನೀರು! ನಿನ್ನ ಕೈಯಿಂದ ಒಂದು ಸಸಿ ಬಿಡು.”

ಸಿಬ್ಬಂದಿಯೆಲ್ಲ ದಡದಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಮೀಟರಪ್ಪ ಕಣ್ಣುಮುಚ್ಚಿ, ತೆರೆದು, ನೀಲರಾಣಿಯನ್ನು ನೀರಿಗೆ ಬಿಟ್ಟ. ಫೋಟೋ ತೆಗೆಯುವಾಗ ಸಾಹೇಬರು ಓಡಿಬಂದು ಬಕೆಟ್ಟಿನ ಹಿಡಿಗೆ ತಾವೂ ಕೈ ಹಚ್ಚಿದರು. ಕಟ್ಟುಹಾಕಿಸಿದ ಆ ಫೋಟೋ ಅವರ ಕುರ್ಚಿಯ ಹಿಂದಿನ ಗೋಡೆ ಏರಿತು.

ಮೇಲಧಿಕಾರಿಗಳು ಬಂದರು, ಹೂ ನೋಡಿ ಮೆಚ್ಚಿದರು, ಪಂಪಿನ ಹತ್ತಿರ ಹೋಗಲಿಲ್ಲ.

ಇದಾದ ಸ್ವಲ್ಪ ಕಾಲಕ್ಕೆ ಸಸ್ಯಸಂರಕ್ಷಣಾ ಇಲಾಖೆಯಿಂದ ಒಬ್ಬ ಅಧಿಕಾರಿಣಿ ಊರಿಗೆ ಬಂದಳು. ಚಿಕ್ಕ ವಯಸ್ಸು, ಕಾಲಿಗೆ ಗಮ್‌ಬೂಟು, ಮಾತಿನಲ್ಲಿ ಸಿಟ್ಟು. ಊರೊಳಗಿನ ಸಭಾಂಗಣದಲ್ಲಿ ಊರವರನ್ನೆಲ್ಲ ಸೇರಿಸಿ ಮಾತು ಶುರುಮಾಡಿದಳು.

“ಅಕ್ಕಪಕ್ಕದ ಊರುಗಳಲ್ಲಿ ಜಲಕಳೆ ಬಂದಿದೆ. ಅದು ಕಾಡಿಂದ ನಡ್ಕೊಂಡು ಬಂದಿದ್ದಲ್ಲ. ಚಂದ ಇದೆ ಅಂತ ನಾವೇ ನರ್ಸರಿಯಿಂದ ತಂದಿದ್ದು. ಅದರ ಹುಟ್ಟೂರಲ್ಲಿ ಅದನ್ನ ತಿನ್ನೋ ಹುಳ ಇದೆ, ಇಲ್ಲಿಲ್ಲ. ಹಾಗಾಗಿ ಅದಕ್ಕೆ ತಡೆಯೋರೇ ಇಲ್ಲ. ಮನೇಲಿ ಜಾಸ್ತಿ ಆಯ್ತು ಅಂತ ಮೋರಿಗೆ ಹಾಕ್ತೀರಿ, ಮೋರಿಯಿಂದ ಕೆರೆಗೆ ಹೋಗುತ್ತೆ, ಆಮೇಲೆ ಕೆರೆ ಇರಲ್ಲ. ದಯವಿಟ್ಟು ಗಿಡ ಕೊಳ್ಳೋವಾಗ ಕೇಳಿ. ಇದರ ನಿಜವಾದ ಹೆಸರೇನು, ಎಲ್ಲಿಂದ ಬಂತು, ಎಷ್ಟು ಬೇಗ ಹರಡುತ್ತೆ. ಹೇಳದೇ ಇದ್ರೆ ಕೊಳ್ಳಬೇಡಿ.”

ಮುಂದಿನ ಸಾಲಿನಲ್ಲಿ ಕೂತಿದ್ದ ನರ್ಸರಿಯ ಯಜಮಾನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. “ಕೇಳಿ, ಕೇಳ್ಲೇಬೇಕು!” ಎಂದು ಹಿಂದಕ್ಕೆ ತಿರುಗಿ ಎಲ್ಲರಿಗೂ ಹೇಳಿದ.

“ಕಳೆಯ ಚಿತ್ರ ತೋರ್ಸಿ ಮೇಡಂ,” ಎಂದರು ಹೆಡ್‌ಮಾಸ್ತರರು.

ಅಧಿಕಾರಿಣಿಯ ಮುಖ ಸಣ್ಣದಾಯಿತು. “ಬಣ್ಣದ ಪೋಸ್ಟರ್ ಕೇಳಿದ್ದೆ. ಇನ್ನೂ ಮಂಜೂರಾಗಿಲ್ಲ. ಸದ್ಯಕ್ಕೆ ಈ ಜೆರಾಕ್ಸ್ ಇದೆ.”

ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು ಅದು. ಹಾಳೆಯ ನಡುವೆ ಒಂದು ಕಪ್ಪು ಕಲೆ, ಕಲೆಯ ಸುತ್ತ ಸ್ವಲ್ಪ ಕಡಿಮೆ ಕಪ್ಪು. ಮಸಿಕುಡಿಕೆ ಉರುಳಿಬಿದ್ದರೂ ಇದಕ್ಕಿಂತ ಹೆಚ್ಚು ಗಿಡದ ಹಾಗೆ ಕಾಣುತ್ತಿತ್ತು. ಎಲ್ಲರೂ ಹಾಳೆಯನ್ನು ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗೆ ಹಿಡಿದು ನೋಡಿ ಗಂಭೀರವಾಗಿ ತಲೆಯಾಡಿಸಿದರು.

“ನಿಮ್ಮಲ್ಲಿ ಯಾರ ಮನೇಲಾದ್ರೂ ಇಂಥ ಕಳೆ ಇದೆಯಾ?”

“ಛೆ ಛೆ, ಕಳೆ ಯಾರು ಬೆಳೆಸ್ತಾರೆ ಮೇಡಂ?” ಎಂದಳು ನರ್ಸಮ್ಮ. “ನಮ್ಮದೆಲ್ಲ ಅಲಂಕಾರದ ಗಿಡಗಳು.”

ಆಗ ಎಂಜಿನಿಯರ್ ಸಾಹೇಬರು ಎದ್ದು, ಊರಿನ ಪ್ರತಿ ಕಾಂಪೌಂಡಿಗೂ ಹೋಗುವ, ಗಿಡಗಳ ವಿಷಯದಲ್ಲಿ ಎತ್ತಿದ ಕೈಯಾದ ಮೀಟರಪ್ಪನೇ ಕಳೆ ತಡೆ ಸಮಿತಿಯ ಅಧ್ಯಕ್ಷನಾಗಲು ತಕ್ಕವನು ಎಂದರು. ಸಭೆ ಹೋ ಎಂದಿತು. ಮೀಟರಪ್ಪ ವೇದಿಕೆ ಹತ್ತಿ ಎದೆ ಉಬ್ಬಿಸಿದ.

“ಆ ಕಳೆ ಈ ಊರಲ್ಲಿ ಎಲ್ಲೇ ಅಡಗಿರಲಿ, ಅದನ್ನ ತಂದೋನು ಯಾರೇ ಆಗಿರಲಿ, ಬೇರುಸಮೇತ ಹಿಡಿದು ತಂದು ಮೇಡಂ ಮುಂದೆ ನಿಲ್ಲಿಸದಿದ್ರೆ ನನ್ನ ಹೆಸರು ಮೀಟರಪ್ಪನೇ ಅಲ್ಲ!”

ಅಧಿಕಾರಿಣಿಗೆ ಅಷ್ಟು ಕೇಳಿ ಕಣ್ಣು ತುಂಬಿಬಂತು. ಇಷ್ಟು ಊರು ತಿರುಗಿದ ಮೇಲೆ ತನ್ನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡ ಒಬ್ಬನಾದರೂ ಸಿಕ್ಕಿದನಲ್ಲ ಎಂದು ಅವನ ಕೈಕುಲುಕಿ, ಕೆರೆಯ ಕಡೆಗೂ ಹೋಗದೆ ನೆಮ್ಮದಿಯಾಗಿ ಮುಂದಿನ ಊರಿಗೆ ಹೋದಳು.

ಶೋಧ ಶುರುವಾಯಿತು. ಜೆರಾಕ್ಸಿನ ಒಂದು ದೊಡ್ಡ ಗುಣವೆಂದರೆ ಅದರಲ್ಲಿ ಪ್ರತಿಯೊಬ್ಬರಿಗೂ ತಮಗಾಗದವರ ಮನೆಯ ಗಿಡವೇ ಕಾಣುತ್ತಿತ್ತು. ಎದುರುಮನೆಯ ಬಳ್ಳಿ ತಮ್ಮ ಅಂಗಳಕ್ಕೆ ಎಲೆ ಉದುರಿಸುತ್ತಿದ್ದುದು ಹೆಡ್‌ಮಾಸ್ತರರಿಗೆ ಬಹಳ ಕಾಲದಿಂದ ಕಿರಿಕಿರಿ. ಹಾಳೆ ನೋಡಿದ ಕೂಡಲೇ, “ಅದೇ ಬಳ್ಳಿ! ಸಂಶಯವೇ ಇಲ್ಲ” ಎಂದರು. ಎದುರುಮನೆಯವನು ಸುಮ್ಮನಿರುತ್ತಾನೆಯೇ? ಹೆಡ್‌ಮಾಸ್ತರರು ಮಗುವಿನಂತೆ ಸಾಕಿದ್ದ ಕ್ರೋಟನ್ ಕಡೆ ಬೊಟ್ಟು ಮಾಡಿದ. “ಅಲ್ನೋಡಿ ಅಧ್ಯಕ್ಷರೇ, ಪಡಿಯಚ್ಚು!”

ಅಧ್ಯಕ್ಷರು ನಿಷ್ಪಕ್ಷಪಾತಿ. ಎರಡನ್ನೂ ಕೀಳಿಸಿದರು. ನಿಂಬೆಗಿಡ ಹೋಯಿತು, ದಾಸವಾಳ ಹೋಯಿತು, ಬಾಡಿಗೆದಾರನ ಮೇಲಿನ ಸಿಟ್ಟಿಗೆ ಮನೆ ಮಾಲೀಕನೊಬ್ಬ ಅವನ ಕೊತ್ತಂಬರಿ ಸೊಪ್ಪನ್ನೂ ಹಿಡಿದುಕೊಟ್ಟ. ಕಿತ್ತ ಜಾಗ ಬೋಳಾಗಿ ಕಂಡು ಮನೆಯವರ ಮನಸ್ಸಿಗೆ ನೋವಾಗಬಾರದಲ್ಲ? ಮೀಟರಪ್ಪ ಅಲ್ಲೊಂದು ತೊಟ್ಟಿ ಇರಿಸಿ, ಸಮಾಧಾನಕ್ಕೆಂದು ಒಂದು ನೀಲರಾಣಿ ಬಿಟ್ಟು, “ಈಗ ನಿಮ್ಮನೆ ಶುದ್ಧವಾಯ್ತು” ಎಂದು ಹೇಳಿ ಹೋಗುತ್ತಿದ್ದ.

ನರ್ಸರಿಯ ಗೇಟಿಗೆ ದೊಡ್ಡ ಬೋರ್ಡು ಬಿತ್ತು. ‘ನಮ್ಮಲ್ಲಿ ಜಲಕಳೆ ಮಾರುವುದಿಲ್ಲ.’ ಬೋರ್ಡಿನ ಕೆಳಗೇ ಸಾಲು ಸಾಲು ತೊಟ್ಟಿಗಳಲ್ಲಿ ನೀಲರಾಣಿ ನಗುತ್ತಿದ್ದಳು. ಜಲಕಳೆಗೆ ಹೆದರಿದ ಜನ, ಅಪಾಯವಿಲ್ಲದ ಗಿಡ ಬೇಕೆಂದು ಬಂದು ಅವಳನ್ನೇ ಒಯ್ಯುತ್ತಿದ್ದರು.

ಹೀಗೆ ಕಳೆಯನ್ನು ಊರಿಂದ ಹೊರಗಿಡುವ ಕೆಲಸ ಭರದಿಂದ ಸಾಗಿರುವಾಗ ಒಂದು ಬೆಳಿಗ್ಗೆ ನಲ್ಲಿಗಳು ಗೊರಗೊರ ಎಂದು ಸದ್ದು ಮಾಡಿ ನಿಂತವು.

ಊರಿಗೆ ಊರೇ ಕೊಡ ಹಿಡಿದು ಪಂಪ್‌ಹೌಸಿಗೆ ಬಂತು. ಕೆರೆ ಎಲ್ಲಿ? ದಡದಿಂದ ದಡದವರೆಗೆ ಹಸಿರು, ಹಸಿರಿನ ಮೇಲೆ ನೀಲಿ. ಹುಲ್ಲುಗಾವಲೆಂದು ತಿಳಿದು ಓಡಿಹೋದ ಬೀದಿನಾಯಿಯೊಂದು ನಡುವೆ ಸಿಕ್ಕಿಬಿದ್ದು ಬಾಯಿ ಬಡಿದುಕೊಳ್ಳುತ್ತಿತ್ತು. ಪಂಪಿನ ಬಾಯಿಗೆ ಬೇರುಗಳು ಸಿಂಬೆ ಸುತ್ತಿಕೊಂಡು, ಮೋಟಾರು ಕೆಮ್ಮಿ ಕೆಮ್ಮಿ ಹೊಗೆ ಬಿಟ್ಟು ಸುಟ್ಟುಹೋಗಿತ್ತು. ಸಾಹೇಬರು ಅಧಿಕಾರಿಣಿಗೆ ಫೋನು ಮಾಡಿದರು. ಅವಳು ಬಂದಳು. ದಡದಲ್ಲಿ ನಿಂತು ನೋಡಿದಳು. ಒಂದು ಗಿಡ ಎತ್ತಿ, ಬುಡ ಮೇಲು ಮಾಡಿ, ಜೊಂಪೆ ಬೇರನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

“ಇದೇ!”

“ಅಲ್ಲ ಮೇಡಂ,” ಎಂದ ಮೀಟರಪ್ಪ ವಿನಯದಿಂದ. “ಅದು ನೀಲರಾಣಿ.”

“ಇದು ಜಲಕಳೆ.”

“ನಿಮ್ಮ ಚಿತ್ರದಲ್ಲಿ ಕಪ್ಪಗಿತ್ತಲ್ಲ ಮೇಡಂ?”

ಅವಳು ಅವನನ್ನೇ ದಿಟ್ಟಿಸಿದಳು. ಇವನನ್ನು ಬೈಯುವುದೋ ತನ್ನ ಇಲಾಖೆಯನ್ನು ಬೈಯುವುದೋ ತೋಚದೆ ತಲೆ ಮೇಲೆ ಕೈಹೊತ್ತು ಕಲ್ಲಿನ ಮೇಲೆ ಕೂತುಬಿಟ್ಟಳು. ಆಮೇಲೆ ನಿಧಾನವಾಗಿ ಕೇಳಿದಳು. “ಇದನ್ನ ಇಲ್ಲಿಗೆ ಬಿಟ್ಟೋರು ಯಾರು?”

ಈ ಪ್ರಶ್ನೆಗೆ ಊರು ಕೊಟ್ಟ ಉತ್ತರ ಕೇಳಬೇಕು ನೀವು.

“ನಾನು ಬೇಡ ಬೇಡ ಅಂದೆ,” ಎಂದರು ಹೆಡ್‌ಮಾಸ್ತರರು. “ಗೋಡೆ ಹಾರಿ ಬಂದು ಹಾಕಿದ್ರು.”

“ಮೋರಿಗೆ ಬಿಡಿ ಅಂತ ಹೇಳಿದ್ದೇ ಇವರು,” ಎಂದಳು ನರ್ಸಮ್ಮ.

“ಮೇಡಂ, ನಾನು ಇವರಿಗೆ ಮಾರಿದ್ದು ಒಂದೇ ಒಂದು ಗಿಡ,” ಎಂದ ನರ್ಸರಿಯ ಯಜಮಾನ ಕಣ್ಣೊರೆಸಿಕೊಳ್ಳುತ್ತಾ. “ಊರಿಗೆಲ್ಲ ಪುಕ್ಕಟೆ ಹಂಚಿ ನನ್ನ ಹೊಟ್ಟೆ ಮೇಲೆ ಹೊಡೆದಿದ್ದಾರೆ. ನಷ್ಟ ನನಗಾಗಿರೋದು!”

ಎಂಜಿನಿಯರ್ ಸಾಹೇಬರು ಅಲ್ಲಿರಲಿಲ್ಲ. ಅವರು ಮೇಲೆ ಹೋಗಿ ಗೋಡೆಯಿಂದ ಫೋಟೋ ಇಳಿಸುತ್ತಿದ್ದರು.

ವಿಚಾರಣೆ ಆ ಕೋಣೆಯಲ್ಲೇ ನಡೆಯಿತು. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಮಾತ್ರ ಬೆಳ್ಳಗೆ ಚೌಕಾಕಾರವಾಗಿ ಕಾಣುತ್ತಿತ್ತು. ಕಿಟಕಿಯ ಹೊರಗಿನ ವರಾಂಡದಲ್ಲಿ ಊರೇ ನೆರೆದಿತ್ತು. ಎಲ್ಲರ ಮುಂದೆ, ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡು ಅತ್ತೆಯವರು. ಪಕ್ಕದಲ್ಲಿ ಹೆಂಡತಿ.

“ಕೆಲಸ ಹೋಗೋ ಕೇಸು ಇದು,” ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತಾ. “ಯಾರಾದ್ರೂ ಒಬ್ರ ತಪ್ಪು ಅಂತ ಆಗ್ಲೇಬೇಕು.”

ಅಧಿಕಾರಿಣಿಗೆ ಮೀಟರಪ್ಪನ ಮುಖ ನೋಡಿ ಕರುಳು ಚುರುಕ್ಕೆಂದಿತು. “ನೋಡಿ, ಇವರೊಬ್ಬರ ಮೇಲೆ ಹಾಕೋಕೆ ನಾನು ಬಿಡಲ್ಲ. ಸುಳ್ಳು ಹೆಸರಿಟ್ಟು ಮಾರಿದವನ ತಪ್ಪು ಮೊದಲು. ಸರಿಯಾದ ಚಿತ್ರ ಕೊಡದ ನಮ್ಮದೂ ತಪ್ಪೇ. ಮೀಟರಪ್ಪನವರೇ, ಈ ಗಿಡಕ್ಕೆ ಯಾರ ಕೈಗುಣವೂ ಬೇಡ. ಕಾಗೆ ಕೊಕ್ಕಿಂದ ಜಾರಿ ನೀರಿಗೆ ಬಿದ್ರೂ ಹೀಗೇ ಬೆಳೆಯುತ್ತೆ. ನೀವು ಅಷ್ಟು ಹೇಳಿಬಿಡಿ. ‘ನನ್ನ ಕೈಯಲ್ಲೇನೂ ಇಲ್ಲ, ಅದು ತಾನಾಗೇ ಬೆಳೀತು.’ ನಿಮ್ಮ ಕೆಲಸಕ್ಕೆ ಏನೂ ಆಗದ ಹಾಗೆ ನೋಡ್ಕೊಳ್ತೀನಿ.”

ಕಿಟಕಿಯಾಚೆ ಹೆಂಡತಿ ಎರಡೂ ಕೈ ಆಡಿಸುತ್ತಾ “ಹೇಳ್ರೀ, ಬೇಗ ಹೇಳ್ರೀ!” ಎನ್ನುತ್ತಿದ್ದಳು.

ಮೀಟರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೆಡ್‌ಮಾಸ್ತರರು ಸಮಾಧಾನದ ನಿಟ್ಟುಸಿರು ಬಿಟ್ಟು ಹೇಳಿದರು. “ಅಂದ್ರೆ ಕೈಗುಣ ಅನ್ನೋದು ಮೊದಲಿಂದಲೂ ಇರ್ಲೇ ಇಲ್ಲ ಅಂತಾಯ್ತು. ನನಗೆ ಆಗ್ಲೇ ಅನುಮಾನ.”

ಅತ್ತೆಯವರ ಮುಖ ಬಾಡಿತು. ಯಾರನ್ನೂ ನೋಡದೆ, ಯಾವತ್ತೂ ಇಲ್ಲದ ಮೆಲುದನಿಯಲ್ಲಿ ಕೇಳಿದರು. “ಹಾಗಾದ್ರೆ ತಾನಾಗೇ ಬೆಳೆದಿದ್ದಾ ಅದು? ಯಾರು ಹಾಕಿದ್ರೂ ಬೆಳೀತಿತ್ತಾ?”

ಬೈಗುಳವಾಗಿದ್ದರೆ ಮೀಟರಪ್ಪ ತಡೆದುಕೊಳ್ಳುತ್ತಿದ್ದ, ಅಭ್ಯಾಸವಿತ್ತು. ಈ ಮೆಲುದನಿಯನ್ನು ಅವನಿಂದ ತಡೆಯಲಾಗಲಿಲ್ಲ. ಕೆಲಸ, ಸಂಬಳ, ಪಿಂಚಣಿ ಎಲ್ಲವೂ ಕಣ್ಣ ಮುಂದೆ ಬಂದು ಹೋದವು. ಕುರ್ಚಿಯಿಂದ ಎದ್ದು ನಿಂತ.

“ಇಲ್ಲ ಮೇಡಂ. ತಾನಾಗೇ ಹೇಗೆ ಬೆಳೆಯುತ್ತೆ? ನಾನೇ ಬೆಳೆಸಿದ್ದು.”

“ಹಾಗಂದ್ರೆ ತಪ್ಪೆಲ್ಲ ನಿಮ್ಮ ತಲೆ ಮೇಲೆ ಬರುತ್ತೆ. ಅರ್ಥ ಆಗ್ತಿದೆಯಾ?”

“ಬರ್ಲಿ. ನನ್ನ ಕೈಗುಣ ಅದು.”

“ಕೆರೆಯಲ್ಲಿರೋದೆಲ್ಲ?”

“ನಂದೇ.”

“ಮೋರಿಯಲ್ಲಿ? ಸಂಪುಗಳಲ್ಲಿ?”

“ಎಲ್ಲಾ ಈ ಕೈದೇ ಮೇಡಂ.” ಬಲಗೈ ಎತ್ತಿ ತೋರಿಸಿದ.

ಕೋಣೆಯಲ್ಲಿ ತಣ್ಣನೆಯ ಗಾಳಿ ಬೀಸಿದಂತಾಯಿತು. ಸಾಹೇಬರು ಎದ್ದು ಬಂದು ಅವನ ಭುಜ ತಟ್ಟಿ, “ಸತ್ಯವಂತ ಕಣಯ್ಯ ನೀನು” ಎಂದರು. ನರ್ಸಮ್ಮ ತನ್ನ ಡ್ರಮ್ಮನ್ನೂ ಇವನ ಲೆಕ್ಕಕ್ಕೆ ಸೇರಿಸಿದಳು. ನರ್ಸರಿಯ ಯಜಮಾನ ತನ್ನ ತೊಟ್ಟಿಗಳಲ್ಲಿದ್ದುದೂ ಇವರ ಗಿಡದ ಸಂತಾನವೇ ಎಂದು ಹೇಳಲು ಬಾಯಿ ತೆರೆದ. ನಲ್ಲಿಯಲ್ಲಿ ಹನಿ ನೀರಿಲ್ಲದಿದ್ದರೂ ಊರೆಲ್ಲ ಚೆನ್ನಾಗಿ ಕೈ ತೊಳೆದುಕೊಂಡಿತು.

ಮೀಟರಪ್ಪನ ಕೆಲಸ ಹೋಗಲಿಲ್ಲ, ಮೀಟರ್ ಪುಸ್ತಕ ಹೋಯಿತು. ಕೆರೆಯಲ್ಲಿ ಕೊನೆಯ ಬೇರು ಇರುವವರೆಗೂ ಅವನು ಅದನ್ನೇ ಕೀಳಬೇಕು ಎಂದು ಆದೇಶವಾಯಿತು. ಸಂಬಳ ಇಳಿಯಿತು. ಸೊಂಟದವರೆಗೆ ನೀರಿನಲ್ಲಿ ನಿಂತು ಕೀಳುವುದು, ಒಂದು ತುಂಡೂ ಜಾರದಂತೆ ದಡಕ್ಕೆ ಹೊರುವುದು, ಒಣಗಿಸಿ ಗುಂಡಿಗೆ ಹಾಕಿ ಮುಚ್ಚುವುದು. ಯಂತ್ರ ತಂದರು, ಅದರ ಚಕ್ರಕ್ಕೂ ಬೇರು ಸುತ್ತಿಕೊಂಡು ಅದನ್ನೇ ಎಳೆದು ದಡಕ್ಕೆ ಹಾಕಬೇಕಾಯಿತು. ಅಧಿಕಾರಿಣಿ ಪಟ್ಟುಹಿಡಿದು ಊರವರನ್ನೂ ಸರದಿಯ ಮೇಲೆ ನೀರಿಗಿಳಿಸಿದಳು. ಹೆಡ್‌ಮಾಸ್ತರರು ಮಾತ್ರ ಮಂಡಿನೋವೆಂದು ದಡದಲ್ಲೇ ಕುರ್ಚಿ ಹಾಕಿ ಕೂತು, “ಎಡಗಡೆ ಒಂದು ಬಿಟ್ರಿ ನೋಡಿ” ಎನ್ನುತ್ತಿದ್ದರು.

ನರ್ಸರಿಗೂ ಅವಳು ನುಗ್ಗಿದಳು. ತೊಟ್ಟಿಗಳ ಮುಂದಿನ ಚೀಟಿಯಲ್ಲಿ ಹೆಸರು ಬದಲಾಗಿತ್ತು. “ನೀಲರಾಣಿ ನಿಲ್ಸಿಬಿಟ್ಟೆ ಮೇಡಂ, ಇದು ನೀಲಕುಮಾರಿ” ಎಂದ ಯಜಮಾನ. ಅವಳು ಚೀಟಿ ಓದಲಿಲ್ಲ. ಗಿಡ ಎತ್ತಿ ಬೇರು ನೋಡಿದಳು. ಅವನ ಕೈಯಿಂದಲೇ ಗುಂಡಿ ತೋಡಿಸಿ, ಕುಮಾರಿಯರನ್ನೆಲ್ಲ ಮಣ್ಣುಮಾಡಿಸಿ, ಮುಚ್ಚಿ ತುಳಿಯುವವರೆಗೂ ಅಲುಗಾಡಲಿಲ್ಲ. ಅವನು ಅಂದು ನಿಜವಾಗಿ ಅತ್ತ.

ನೀರಿನ ಟ್ಯಾಂಕರು ದಿನಾ ಕೆರೆಯ ದಡಕ್ಕೇ ಬಂದು ನಿಲ್ಲುತ್ತಿತ್ತು. ಒಂದು ದಿನ ಅತ್ತೆಯವರು ಅಳಿಯನಿಗೆ ಊಟದ ಡಬ್ಬಿ ಕೊಟ್ಟು, ಹಾಗೆಯೇ ಸಾಲಿನಲ್ಲಿ ನಿಂತರು. ಮುಂದೆ ನಿಂತಿದ್ದಾಕೆ ಊರಿಗೆ ಹೊಸಬಳು. ಕೆರೆ ನೋಡಿ ಕಣ್ಣರಳಿಸಿದಳು.

“ಅಬ್ಬಾ, ಏನಮ್ಮಾ ಇದು ಇಷ್ಟೊಂದು! ಯಾರು ಹಾಕಿದ್ದು?”

“ನಮ್ಮ ಅಳಿಯಂದಿರು.” ಅತ್ತೆಯವರ ದನಿ ದಡದ ತುದಿಯವರೆಗೂ ಕೇಳಿಸುವಷ್ಟಿತ್ತು. “ಅಲ್ಲಿ ನೀರಲ್ಲಿ ನಿಂತಿದ್ದಾರಲ್ಲ, ಅವರೇ. ಬಿಟ್ಟಿದ್ದು ಒಂದೇ ಸಸಿ. ಇಲಾಖೆ ಬಂತು, ಯಂತ್ರ ಬಂತು, ಊರೆಲ್ಲ ನೀರಿಗಿಳೀತು. ಇನ್ನೂ ಕೀಳೋಕಾಗಿಲ್ಲ.”

ನೀರಿನಲ್ಲಿ ಬಗ್ಗಿದ್ದ ಮೀಟರಪ್ಪ ಸೊಂಟ ನೆಟ್ಟಗೆ ಮಾಡಿದ.

“ಹೂ ಎಷ್ಟು ಚಂದ ಇದೆ!” ಎಂದಳು ಹೊಸಬಳು. ಕೆರೆಯ ಕಡೆ ತಿರುಗಿ ಕೂಗಿದಳು. “ಅಣ್ಣಾ, ಹೇಗಿದ್ರೂ ಕೀಳ್ತಾ ಇದ್ದೀರಿ. ನಮಗೊಂದು ಸಸಿ ಕೊಡ್ತೀರಾ?”

ದಡದಲ್ಲಿ ಅಧಿಕಾರಿಣಿ ಸರಕ್ಕನೆ ತಿರುಗಿದಳು. ಹೆಡ್‌ಮಾಸ್ತರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೀಟರಪ್ಪನ ಕೈಯಲ್ಲಿ ಆಗಷ್ಟೇ ಕಿತ್ತ ಗಿಡ, ಅದರ ತುಂಬ ಹೂ. ಕೊಡಬೇಕೆಂದು ಅವನ ಜೀವ ಹಪಹಪಿಸಿತು. ಗಿಡವನ್ನು ನೋಡಿದ, ಟ್ಯಾಂಕರಿನ ಸಾಲು ನೋಡಿದ, ಸಾಲಿನಲ್ಲಿ ಅತ್ತೆಯ ಸೊಂಟದ ಮೇಲಿದ್ದ ಖಾಲಿ ಕೊಡವನ್ನು ನೋಡಿದ.

“ಇಲ್ಲಮ್ಮ,” ಎಂದ. “ಕೊಡಲ್ಲ.” ಗಿಡವನ್ನು ಎತ್ತಿ ಒಣಗಿದ ರಾಶಿಯ ಮೇಲೆ ಎಸೆದ.

ಹೊಸಬಳು ಪೆಚ್ಚಾದಳು. “ಇಷ್ಟೊಂದಿದೆ, ಒಂದು ಕೊಡೋಕೆ ಆಗಲ್ವಂತಾ?”

“ಈಗ ಅವರು ಯಾರಿಗೂ ಕೊಡಲ್ಲಮ್ಮ,” ಎಂದರು ಅತ್ತೆಯವರು, ಅವಳ ಅಜ್ಞಾನಕ್ಕೆ ಮರುಗುತ್ತಾ. “ಒಂದು ಕೊಟ್ರೆ ಸಾಕು, ಊರಿಗೇ ನೀರು ನಿಂತುಹೋಗುತ್ತೆ. ಅಂಥ ಕೈ!”

ಖಾಲಿ ಕೊಡವನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಾಯಿಸಿಕೊಂಡು, ತಲೆಯೆತ್ತಿ, ಅವರು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು.